ಮೊದಲ ಮಳೆಯ ನಕಲು

ಒಂದಾನೊಂದು ಊರಂತೆ. ಆ ಊರಿಗೆ ವರ್ಷದ ಮೊದಲ ಮಳೆ ಬರುತ್ತಿತ್ತಂತೆ, ಮಾಳಿಗೆಯ ದೋಣಿಯಿಂದ ಧುಮುಕುತ್ತಿತ್ತಂತೆ, ಕಾದ ಎರೆಮಣ್ಣಿನಿಂದ ಕಮ್ಮನೆ ವಾಸನೆ ಏಳುತ್ತಿತ್ತಂತೆ. ಆದರೆ ಬೆಳಗಾಗೆದ್ದು ಸರ್ಕಾರದ ಮಳೆ ಅಳೆಯುವ ಸೀಸೆ ನೋಡಿದರೆ ಒಂದು ಹನಿಯೂ ಇರುತ್ತಿರಲಿಲ್ಲವಂತೆ. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಆರು ವರ್ಷ. ಕಥೆಯ ದನಿಯಲ್ಲೇ ಇದನ್ನು ಹೇಳುತ್ತಿದ್ದವರು ಯಾವ ಅಜ್ಜಿಯೂ ಅಲ್ಲ, ಮಳೆಯ ಶಾಸ್ತ್ರ ಓದಿ ಬೆಂಗಳೂರಿನಿಂದ ಬಂದಿದ್ದ ನರಹರಿರಾಯರು. ಐಮಂಗಲದ ಹೊರಗೆ ಹತ್ತಿ ಹೊಲಗಳ ನಡುವೆ ಒಂಟಿಯಾಗಿ ನಿಂತ ಪಟೇಲ್ ಮುರುಗೇಶಪ್ಪನವರ ಮನೆಯ ಜಗಲಿಯಲ್ಲಿ, ತಾವೇ ತಂದಿದ್ದ ಮಣೆಯ ಮೇಲೆ ಕೂತು, ಪಕ್ಕದ ಕುರ್ಚಿಯಲ್ಲಿದ್ದ ಬಿಳಿಯ ದೊರೆಗೆ ಒಂದಷ್ಟು ಇಂಗ್ಲಿಷಿನಲ್ಲೂ ಪಟೇಲರಿಗೆ ಒಂದಷ್ಟು ಕನ್ನಡದಲ್ಲೂ ಹೇಳುತ್ತಿದ್ದರು. ಬಾಗಿಲ ಹಿಂದೆ ಹಾಲಿನ ಲೋಟಗಳ ತಟ್ಟೆ ಹಿಡಿದು ನಿಂತಿದ್ದ ಪಟೇಲರ ಸೊಸೆ ಮರುಳಸಿದ್ದಮ್ಮನಿಗೆ ಕಥೆ ಮುಂದೆ ಎಲ್ಲಿಗೆ ಹೋಗುತ್ತದೆಂದು ಗೊತ್ತಿತ್ತು. ಆ ನೀರು ಯಾರ ಹೊಟ್ಟೆಯಲ್ಲಿದೆ ಎನ್ನುವುದೂ ಗೊತ್ತಿತ್ತು. ತಟ್ಟೆಯ ಅಂಚು ಬಾಗಿಲ ಚಿಲಕಕ್ಕೆ ತಗುಲಿ ಠಣ್ ಎಂದಿತು; ಮಾವ ತಿರುಗದೆಯೇ ಕೆಮ್ಮಿದರು, ಇನ್ನೂ ಒಳಗೇ ಇರು ಎನ್ನುವ ಕೆಮ್ಮು.

"ಹನ್ನೆರಡು ಮೈಲಿ ಆಚೆ ಹಿರಿಯೂರಿನಲ್ಲಿ ಅದೇ ದಿನ ಮಳೆ ದಾಖಲಾಗಿದೆ ಪಟೇಲರೇ. ನಿಮ್ಮ ಪುಸ್ತಕದಲ್ಲಿ ಸೊನ್ನೆ. ಷರಾ ಕಾಲಮ್ಮಿನಲ್ಲಿ ನೀವೇ ಬರೆದಿದ್ದೀರಿ, ಮಳೆ ಬಿತ್ತು, ಸೀಸೆಯಲ್ಲಿ ಇಲ್ಲ, ಅಂತ. ಬೇರೆ ಯಾರಾದರೂ ಆಗಿದ್ದರೆ ಅಂದಾಜಿಗೆ ಏನೋ ಒಂದು ಹಾಕಿಬಿಡುತ್ತಿದ್ದರು."

"ಸೀಸೆ ಸರ್ಕಾರದ್ದು ಸ್ವಾಮಿ," ಎಂದರು ಮಾವ. "ನಮ್ ಕಿವಿ ನಮ್ದು. ಸರ್ಕಾರದ್ ಸೀಸೆ ಇಲ್ಲ ಅಂದ್ಮೇಲೆ ನಮ್ ಕಿವಿ ಕೇಳಿದ್ದು ಎಂಗೆ ಬರ್ಯಾದು?"

ರಾಯರು ತೊಡೆ ತಟ್ಟಿಕೊಂಡು ಅದನ್ನು ದೊರೆಗೆ ಹೇಳಿದರು. ದೊರೆ ನಕ್ಕ. ಅವರು ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಮಾವನೂ ಸ್ವಲ್ಪ ನಕ್ಕರು. ಆ ನಗು ಬಾಗಿಲ ಸಂದಿನಿಂದ ಸಿದ್ದಮ್ಮನಿಗೆ ಕಂಡಿತು, ಕಾಣಬಾರದಿತ್ತು ಅನಿಸಿತು. ರಾಯರು ಮುಂದುವರಿಸಿದರು. ಬೇಸಿಗೆಯೆಲ್ಲ ಕಾದ ಎರೆನೆಲ, ಸೀಸೆಯ ಮೇಲಿನ ಕಾದ ತಾಮ್ರದ ಬಾಯಿ, ಎರಡರ ಕಾವಿಗೆ ಮೊದಲ ಮಳೆ ಸೀಸೆಗೆ ಇಳಿಯುವ ಮೊದಲೇ ಆವಿಯಾಗುತ್ತದೆ, ಇದಕ್ಕೆ ಇಲ್ಲಿಯ ಆರು ವರ್ಷದ ಸೊನ್ನೆಗಳೇ ಸಾಕ್ಷಿ. ಉಳಿದ ಕಡೆ ಸೀಸೆಗಳು ಪೂರ್ತಿ ಆವಿ ಮಾಡದಿದ್ದರೂ ಒಂದಷ್ಟು ಕುಡಿದೇ ಕುಡಿದಿರುತ್ತವೆ. ದುರ್ಗದಲ್ಲಿ ಸೇರುತ್ತಿರುವ ವಿದ್ವಾಂಸರ ಸಭೆಯಲ್ಲಿ ತಾವು ಇದನ್ನೇ ಓದುವುದು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ದುರ್ಗ, ನಾಲ್ಕು ಸೀಮೆಯ ಎಲ್ಲ ಸೀಸೆಗಳ ಮೊದಲ ಮಳೆಯ ಲೆಕ್ಕಕ್ಕೂ ಅರ್ಧ ಅಂಗುಲ ಕೂಡಿಸಿ ತಿದ್ದಬೇಕೆಂದು ಸೂಚಿಸುವುದು. "ನಾಳೆ ನಾವು ಮಾರಿಕಣಿವೆ ನೋಡಿ ಬರುತ್ತೇವೆ. ನಾಳಿದ್ದು ಬೆಳಿಗ್ಗೆ ದುರ್ಗಕ್ಕೆ ಹೊರಡುವ ಹೊತ್ತಿಗೆ ಆರು ವರ್ಷದ್ದೂ ಒಂದು ಶುದ್ಧ ನಕಲು ಬೇಕು. ನಿಮ್ಮ ಅಕ್ಷರ ಮುತ್ತು ಪೋಣಿಸಿದ ಹಾಗಿದೆ, ಅದರಲ್ಲೇ ಇರಲಿ."

"ಆಗ್ಲಿ ಸ್ವಾಮಿ. ಮಾತು ಕೊಟ್ಟೀನಿ," ಎಂದರು ಮಾವ, ಆರೇಳು ವರ್ಷದಿಂದ ಎರಡು ಕಣ್ಣಿಗೂ ಪೊರೆ ಬಂದು ತಮ್ಮ ಬೆರಳೇ ತಮಗೆ ಮಂಜಾಗಿ ಕಾಣುವ ಮಾವ. ಆ ಅಕ್ಷರ ಸಿದ್ದಮ್ಮನದು.

ನಾಲ್ಕು ಸೀಮೆಯ ಎಲ್ಲ ಸೀಸೆಗಳು ಎಂದರೆ ಬಾಗೂರಿನ ಸೀಸೆಯೂ. ಹೊಸದುರ್ಗದ ಬಾಗೂರಿನಲ್ಲಿ ಶಾಲೆಯ ಹಿತ್ತಿಲಲ್ಲಿರುವ ಸೀಸೆ, ಅದರ ಮುಂದೆ ದಿನಾ ಎಂಟು ಗಂಟೆಗೆ ಮೊಣಕಾಲೂರುವ ಮೇಷ್ಟ್ರು, ಅವಳ ಅಪ್ಪ. ಮಳೆ ಇಲ್ಲದ ಮಾಘದಲ್ಲೂ ಮೊಣಕಾಲೂರುತ್ತಿದ್ದರು, ಚಳಿಜ್ವರದಲ್ಲಿ ಕಂಬಳಿ ಹೊದ್ದುಕೊಂಡು ಹೋಗಿಯೂ ಊರಿದ್ದರು. ಗಾಜಿನ ಅಳತೆಯ ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿಯಬೇಕು ಮಗಾ, ನೀರು ಅಂಚಿನಲ್ಲಿ ಏರಿ ನಡುವೆ ತಗ್ಗಿರ್ತೈತೆ, ಆ ತಗ್ಗು ಯಾವ ಗೆರೆ ಮುಟ್ಟೈತೋ ಅದೇ ಲೆಕ್ಕ, ಅಂಚಿನ ನೀರು ನಂಬಬ್ಯಾಡ, ಅದು ಗಾಜಿನ ಆಸೆಗೆ ಏರಿದ್ದು. ನೂರು ಸೆಂಟಿಗೆ ಒಂದು ಅಂಗುಲ. ಒಂಬತ್ತು ವರ್ಷದ ಹುಡುಗಿ ಕೊಳವೆಯ ಆಚೆಗೆ ಅಪ್ಪನ ಕಣ್ಣು ದೊಡ್ಡದಾಗಿ, ನೀರಿನಲ್ಲಿ ಮುಳುಗಿದ ಹಾಗೆ ಕಾಣುವುದನ್ನು ನೋಡುತ್ತಿದ್ದಳು, ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ ಸೀಸೆಯಲ್ಲಿ ಇರುತ್ತದಲ್ಲ ಆ ಕಥೆ ನೆನಪಾಗುತ್ತಿತ್ತು. ಆ ಅಪ್ಪನ ಮೂವತ್ತೊಂದು ಸೆಂಟಿಗೆ ಇನ್ನು ಯಾರೋ ದುರ್ಗದಲ್ಲಿ ಕೂತು ಐವತ್ತು ಕೂಡಿಸುತ್ತಾರೆ. ಮೇಷ್ಟ್ರೇ ನಿಮ್ಮ ಸೀಸೆ ಕುಡಿದಿದೆ ಎಂದು ಕಾಗದ ಬರೆಯುತ್ತಾರೆ. ಅಪ್ಪ ವಾದ ಮಾಡುವವರಲ್ಲ. ಸೀಸೆಯನ್ನೊಮ್ಮೆ ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಾರೆ, ಅಷ್ಟೇ. ಸಿದ್ದಮ್ಮ ತಟ್ಟೆಯನ್ನು ಮಾವನ ಕೈಗೆ ದಾಟಿಸಿ ಒಳಗೆ ಬಂದಳು. ನಡುಮನೆಯ ಕತ್ತಲಿಗೆ ಕಣ್ಣು ಹೊಂದುವಷ್ಟರಲ್ಲಿ ಅಡುಗೆಮನೆಯ ಹೊಸ್ತಿಲ ಬಳಿ ಅಜ್ಜಿ ವೀರಮ್ಮ, ಮಾವನ ತಾಯಿ, ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡು ಕೂತಿರುವುದು ಕಂಡಿತು.

"ಏನಂತವ್ನೆ ಆ ಬ್ರಾಂಬ್ರಯ್ಯ?" ಎಂದಳು ಅಜ್ಜಿ. "ನಮ್ ಬಾವಿ ನೀರು ಆಗಲ್ಲ ಅಂತ ಅವನ ಅಡಿಗೆಯೋನು ಹಳ್ಳದಿಂದ ಹೊತ್ಕಂಡು ಬತ್ತಾನೆ. ನಮ್ ನೀರು ಆಗಲ್ಲ, ನಮ್ ಮಳೆ ಆತೈತಂತಾ?"

ದನದ ಕೊಟ್ಟಿಗೆಯ ಹಿಂದೆ ದೊರೆಗೆ ಮೊಟ್ಟೆ ಬೇಯಿಸಿ ಕೈ ತೊಳೆದು ಬಂದಿದ್ದ ಕುರುಬರ ಕಾಳಕ್ಕ ಸೆರಗು ಬಾಯಿಗಿಟ್ಟು ನಕ್ಕಳು. ಈ ಮನೆಯ ಕೆಲಸಕ್ಕೆ ಬಂದು ಇಪ್ಪತ್ತು ವರ್ಷವಾಗಿದ್ದರೂ ಅಡುಗೆಮನೆಯ ಹೊಸ್ತಿಲು ದಾಟದವಳು. "ನಿಮ್ದೇ ವಾಸಿ ಬಿಡಜ್ಜಿ. ನಾನು ಕೊಟ್ಟಿಗೆ ಹಿಂದೆ ಮೊಟ್ಟೆ ಬೇಯಿಸಿದ್ರೆ ಎಮ್ಮೆ ಹಾಲು ಮೈಲಿಗೆ ಆತೈತಾ ಅಂತ ನಿಮ್ ಮಗ ಹತ್ ಸಲ ಕೇಳಿದ್ರು. ಎಮ್ಮೆನೇ ಕೇಳ್ರಿ ಅಂದೆ."

ಹಿರಿಯೂರಿನ ಮುಸಾಫರಖಾನೆ ತುಂಬಿದೆ, ಸಭೆಗೆ ಬರುವ ಇಬ್ಬರನ್ನು ನಿಮ್ಮಲ್ಲಿ ಇಳಿಸುತ್ತೇವೆ ಎಂದು ಅಮಲ್ದಾರರ ಕಚೇರಿಯಿಂದ ಕಾಗದ ಬಂದಾಗ ಅದನ್ನು ಓದಿ ಹೇಳಿದ್ದೂ ಸಿದ್ದಮ್ಮನೇ. ಅವತ್ತಿನಿಂದ ಮಾವ ಬೇರೆಯೇ ಆಗಿದ್ದರು. ಗೋಡೆಗೆ ಸುಣ್ಣ ಬಳಿಸಿದರು, ಯಲ್ಲದಕೆರೆಯಿಂದ ಕುರ್ಚಿ ತರಿಸಿದರು, ಮಗ ಶಿವಕುಮಾರಪ್ಪ, ಸಿದ್ದಮ್ಮನ ಗಂಡ, ಹತ್ತಿ ಗಾಡಿಗಳ ಜೊತೆ ದಾವಣಗೆರೆಗೆ ಹೋಗುವುದನ್ನು ನಾಲ್ಕು ದಿನ ತಡೆದರು. ಕೊನೆಗೆ ಅವನು ಹೋಗಿಯೇ ಹೋದ. ಅದೇ ಯಲ್ಲದಕೆರೆಯಿಂದ ಕುರ್ಚಿ ಬಂದ ಗಾಡಿಯಲ್ಲಿ ಒಂದು ಮಾತೂ ಬಂದಿತ್ತು, ಅಲ್ಲಿ ಒಂದು ಹುಡುಗಿ ಇದೆ, ಹದಿಮೂರು ತುಂಬಿದೆ, ನಿಮ್ಮ ಶಿವಕುಮಾರಪ್ಪನಿಗೆ ಬೇಕಾದರೆ. ಕುರ್ಚಿ ಇಳಿಸಿದವನು ಹೇಳಿದ್ದನ್ನು ಅಂಗಳದಲ್ಲಿ ಅವಳೂ ಕೇಳಿದಳು, ಕೇಳಲೆಂದೇ ಹೇಳಿದ್ದು. ಮಾವ ಈಗ ಬೇಡ ಎಂದರು. ಈಗ ಎನ್ನುವ ಶಬ್ದ ಅವತ್ತಿನಿಂದ ಅವಳ ಜೊತೆ ಬಾವಿಗೆ ಬಂತು, ಹಿಟ್ಟು ಬೀಸುವಾಗ ಕಲ್ಲಿನ ಸುತ್ತ ತಿರುಗಿತು. ನೆಂಟರು ಹೋಗಲಿ ಎಂದೋ, ಹತ್ತಿ ಮಾರಿ ಬರಲಿ ಎಂದೋ. ಈ ಮನೆಯಲ್ಲಿ ಅವಳು ಉಳಿದುಕೊಂಡಿರುವುದು ಮಾವನ ಕಣ್ಣಾಗಿ. ಆ ಕಣ್ಣೇ ಅವರನ್ನು ದುರ್ಗದ ಸಭೆಯ ಮುಂದೆ ಸುಳ್ಳುಗಾರರನ್ನಾಗಿ ನಿಲ್ಲಿಸಿದರೆ ಬಾಗೂರಿನ ಗಾಡಿ ಕಟ್ಟಿಸುವುದಕ್ಕೆ ಒಂದು ದಿನವೂ ಬೇಕಾಗುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡು. ನಕಲು ಎಂದರೆ ಅದೇ ತಾನೆ.

ಮರುದಿನ ಅತಿಥಿಗಳ ಗಾಡಿ ಕಣಿವೆಯ ಕಡೆ ಹೊರಟು ಧೂಳು ಕೂತ ಮೇಲೆ ನಡುಮನೆಯ ಕಂಡಿಯ ಬೆಳಕಿನಲ್ಲಿ ಕಾಗದ ಹರಡಿಕೊಂಡು ಕೂತಳು. ಮೊದಲ ಹಾಳೆ, ವಿಶ್ವಾವಸು ಸಂವತ್ಸರ. ಗೆರೆ ಎಳೆದು, ದಿನಾಂಕ ಬರೆದು, ಸೊನ್ನೆ, ಸೊನ್ನೆ, ಸೊನ್ನೆ ಎಂದು ಬೇಸಿಗೆಯ ದಿನಗಳನ್ನು ಇಳಿಸುತ್ತ ಬಂದಳು. ಸೊನ್ನೆ ಬರೆಯುವುದು ಎಷ್ಟು ಸುಲಭ, ಕೈ ತನ್ನಷ್ಟಕ್ಕೆ ಸುತ್ತಿ ಬರುತ್ತದೆ. ಭರಣಿ ಮಳೆಯ ಎರಡನೆಯ ದಿನಕ್ಕೆ ಬಂದಾಗ ಕೈ ನಿಂತಿತು. ಆ ವರ್ಷ ಅವಳಿಗೆ ಹದಿನೈದು. ಮದುವೆಯಾಗಿ ಬಂದು ಎರಡು ತಿಂಗಳಾಗಿತ್ತು. ಮಾವನ ಜೊತೆ ಸೀಸೆ ತೆಗೆಯಲು ಹೋಗಿ, ಒದ್ದೆ ಮಣ್ಣಿನಲ್ಲಿ ಕಾಲುಂಗುರ ಹೂತು, ತಾಮ್ರದ ಬಾಯಿ ಎತ್ತಿ ನೋಡಿದರೆ ಸೀಸೆ ಒಣಗಿತ್ತು. ಇಲ್ಲ ಮಾವ ಎಂದಿದ್ದಳು. ಇಲ್ವಾ ಎಂದಿದ್ದರು ಅವರು, ಮೊಣಕಾಲವರೆಗೆ ಕೆಸರಾಗಿದ್ದ ತಮ್ಮ ಪಂಚೆ ಮುಟ್ಟಿ ನೋಡಿಕೊಂಡು. ಅವಳಿಗೆ ಆಗ ನಿಜವಾಗಿಯೂ ಗೊತ್ತಿರಲಿಲ್ಲ. ಮರುವರ್ಷ ಗೊತ್ತಾಯಿತು. ಮಳೆ ನಿಂತ ನಸುಕಿನಲ್ಲಿ ಹೊರಗೆ ಬಂದವಳಿಗೆ ಅಜ್ಜಿ ಸರ್ಕಾರದ ಸೀಸೆ ಹಿಡಿದು ನಿಂತಿರುವುದು ಕಂಡಿತ್ತು. ವರ್ಷದ ಮೊದಲ ನೀರು ನೆಲಕ್ಕೆ ಬೀಳದೆ ಲಿಂಗದ ಮಜ್ಜನಕ್ಕೆ ಆಗಬೇಕು, ಉಳಿದದ್ದು ಬಿತ್ತನೆ ಬೀಜಕ್ಕೆ ಚಿಮುಕಿಸಬೇಕು, ಇದು ಈ ಮನೆಯಲ್ಲಿ ಅಜ್ಜಿಯ ಅತ್ತೆಯ ಅತ್ತೆಯಿಂದ ಬಂದದ್ದು. ಹಿಂದೆಲ್ಲ ಮಾಳಿಗೆ ಮೇಲೆ ತಂಬಿಗೆ ಇಡುತ್ತಿದ್ದರು, ಕಾಗೆ ಬಂದು ಮುಟ್ಟುತ್ತಿತ್ತು. ಸಿದ್ದಮ್ಮ ಬಂದ ವರ್ಷವೇ ಸರ್ಕಾರದವರು ಕಾಗೆ ಮುಟ್ಟದ, ನಾಯಿ ಮೂಸದ, ನೆಲ ಸೋಕದ ತಾಮ್ರವನ್ನು ಹಿತ್ತಿಲಿಗೇ ತಂದು ನೆಟ್ಟರು. ಶಿವನೇ ಕಳಿಸಿದ್ದು ಎಂದು ಅಜ್ಜಿ ನಂಬಿದ್ದಳು. "ಬಾ ಇಲ್ಲಿ, ಅಂಗೈ ಒಡ್ಡು," ಎಂದು ಸೀಸೆಯಿಂದಲೇ ಒಂದು ಗುಳಿ ನೀರು ಹುಯ್ದಿದ್ದಳು. "ಕುಡಿ. ಬರೋ ವರ್ಷ ತೊಟ್ಲು ಕಟ್ಟಾಣ." ತಾಮ್ರದ ರುಚಿ, ಮಣ್ಣಿನ ವಾಸನೆ, ಹಲ್ಲಿಗೆ ಚಳಕ್ ಎನ್ನುವ ತಂಪು. ಆ ಮನೆಗೆ ಬಂದ ಮೇಲೆ ಅವಳ ತಲೆಯ ಮೇಲೆ ಯಾರಾದರೂ ಕೈ ಇಟ್ಟದ್ದು ಅದೇ ಮೊದಲು. ಎಂಟು ಗಂಟೆಗೆ ಮಾವನ ಜೊತೆ ಹೋಗಿ, ಗೊತ್ತಿದ್ದೂ, ಇಲ್ಲ ಮಾವ ಎಂದಳು. ಆಮೇಲೆ ವರ್ಷಾ ವರ್ಷಾ ಹೇಳಿದಳು. ಐದು ಸಲ ಹೇಳಿದಳು, ಐದು ಸಲ ಕುಡಿದಳು. ತೊಟ್ಟಿಲು ಅಟ್ಟದ ಮೇಲೇ ಇದೆ.

ಲೇಖನಿಯಿಂದ ಒಂದು ಹನಿ ಮಸಿ ಕಾಗದಕ್ಕೆ ಬಿದ್ದು ಸೊನ್ನೆ ಬರೆಯಬೇಕಾದ ಜಾಗದಲ್ಲೇ ಹರಡಿತು. ಅವಳು ಆ ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟಳು, ಹೊಸದು ತೆಗೆದಳು, ಗೆರೆ ಎಳೆದಳು. ಈ ಸಲ ಒಂದು ಗೆರೆ ಹೆಚ್ಚಿಗೆ ಎಳೆದಳು. ಎಳೆದ ಮೇಲೆಯೇ ತಾನು ಏನು ಮಾಡಲು ಹೊರಟಿದ್ದೇನೆ ಎನ್ನುವುದು ಅವಳಿಗೆ ತಿಳಿದದ್ದು, ಮತ್ತು ತಿಳಿದಾಗ ಆಶ್ಚರ್ಯವಾಗಲಿಲ್ಲ. ಬೆಳಗಿನಿಂದ ಅವಳ ಕೈಗೆ ಅದು ಗೊತ್ತಿದ್ದಂತಿತ್ತು. ಹೆಚ್ಚಿನ ಕಾಲಮ್ಮಿನ ತಲೆಯ ಮೇಲೆ, ಬಿದ್ದು ತೆಗೆಯಲ್ಪಟ್ಟದ್ದು, ಎಂದು ಬರೆದಳು. ಆದರೆ ಎಷ್ಟು? ಅದು ಗೊತ್ತಿರುವುದು ಒಬ್ಬಳಿಗೇ.

ಅಜ್ಜಿ ಹಿತ್ತಿಲ ಬಿಸಿಲಿನಲ್ಲಿ ಕಾಲು ಚಾಚಿ ಕೂತಿದ್ದಳು. ಸಿದ್ದಮ್ಮ ಹರಳೆಣ್ಣೆ ಬಟ್ಟಲು ತಂದು ಅವಳ ಹಿಮ್ಮಡಿ ಉಜ್ಜತೊಡಗಿದಳು. ಕೇಳುವುದು ಹೇಗೆ ಎಂದು ಯೋಚಿಸಿ ಯೋಚಿಸಿ, ಚಿಕ್ಕಂದಿನಲ್ಲಿ ಬಾಗೂರಿನ ಅಜ್ಜಿಯನ್ನು ಕೇಳುತ್ತಿದ್ದ ಹಾಗೆಯೇ ಕೇಳಿದಳು. "ಅಜ್ಜಿ, ನಾನು ಬಂದ ವರ್ಷ ಮೊದಲ ಮಳೆ ಎಂಗೆ ಬಂತು, ಹೇಳು."

"ಎಂಗೆ ಬಂತು ಅಂದ್ರೆ? ಮೇಲಿಂದ ಬಂತು."

"ಗಿಂಡಿಗೆ ಎಷ್ಟು ಬಂತು?"

ಅಜ್ಜಿಯ ಕಾಲಿನ ಬೆರಳುಗಳು ಮಡಚಿಕೊಂಡವು. ಸೀಸೆಯಿಂದ ನೀರು ಬಗ್ಗಿಸಿಕೊಳ್ಳುವ ಹಿತ್ತಾಳೆ ಗಿಂಡಿ ಒಂದೇ, ಮಜ್ಜನದ್ದು, ಬೇರೆ ಯಾವುದಕ್ಕೂ ಮುಟ್ಟದ್ದು. "ನೀನು ಬಂದ ವರ್ಷ ಹೊಟ್ಟೆ ಮಟ. ಉಬ್ಬಿದ ಜಾಗಕ್ಕೆ ಸರಿಯಾಗಿ ನಿಂತಿತ್ತು. ಅದರಾಚೆ ವರ್ಷ ಕಂಠ ಮಟ. ಕೆಂಚಪ್ಪನ ಆರು ಕುರಿ ಹುಣಸೆ ಮರದ ಕೆಳಗೆ ಸಿಡಿಲು ಬಡಿದು ಸತ್ವಲ್ಲ, ಅವತ್ತೇ. ಕಣಿವೆ ಕಟ್ಟೆ ಮುಗಿಸಿದ ವರ್ಷ ತಳ ಮುಚ್ಚೋ ಅಷ್ಟೇ, ಲಿಂಗಯ್ಯಂಗೆ ಆತು, ಬೀಜಕ್ಕೆ ಆಗಲಿಲ್ಲ. ಪ್ಲೇಗಿಗೆ ಊರೋರೆಲ್ಲ ಬಂದು ನಮ್ ಹೊಲದಾಗೆ ಗುಡ್ಲು ಹಾಕ್ಕಂಡಿದ್ರಲ್ಲ, ಆ ವರ್ಷ ಒಂದು ಗಿಂಡಿ ತುಂಬಿ ಹುಯ್ದು, ಮತ್ತೆ ಹೊಟ್ಟೆ ಮಟ. ಹೋದ ವರ್ಷದ್ದು ಹೊಟ್ಟೆ ಮಟಾನೆ. ಈ ವರ್ಷ, ಬಾಲದ ಚುಕ್ಕಿ ಮೂಡಾಕೆ ಮುಂಚೆ, ಮೂರು ಬೆರಳು." ಹೇಳುತ್ತ ಹೇಳುತ್ತ ಅಜ್ಜಿ ಅವಳ ಮುಖವನ್ನೇ ನೋಡುತ್ತಿದ್ದಳು. "ಯಾಕೆ, ಬರ್ಕಂತೀಯಾ?"

"ಹ್ಞೂಂ."

"ಕಳ್ಳಿ ಅಂತ ಬರೀತೀಯಾ?"

ಸಿದ್ದಮ್ಮ ಎಣ್ಣೆಯ ಕೈಯನ್ನು ನಿಲ್ಲಿಸಲಿಲ್ಲ. ರಾಯರು ಹೇಳಿದ್ದನ್ನು ಹೇಳಿದಳು. ನಮ್ಮ ಸೊನ್ನೆ ನಂಬಿ ನಾಲ್ಕು ಸೀಮೆಯ ಲೆಕ್ಕ ತಿದ್ದುತ್ತಾರಂತೆ, ನಮ್ಮ ಅಪ್ಪನ ಲೆಕ್ಕವನ್ನೂ. ನೆಲದ ಕಾವು ಕುಡೀತು ಅಂತಾರೆ ಅಜ್ಜಿ. ಅಜ್ಜಿ ಎಣ್ಣೆ ಹಚ್ಚಿದ ಕಾಲನ್ನು ಎಳೆದುಕೊಂಡಳು. ಅವಳ ಗದ್ದ ಅಲ್ಲಾಡಿತು, ಕೋಪಕ್ಕೋ ವಯಸ್ಸಿಗೋ. "ಶಿವನ ತಲೆ ಮೇಲೆ ಹುಯ್ದ ನೀರನ್ನ ಕಾವು ಕುಡೀತು ಅಂತಾನಾ?" ಎಂದಳು. "ಇಂಥೋರೇ ಮಳೆ ಅಳಿಯೋದು ಈಗ. ಬರಿ. ವೀರಮ್ಮ ಲಿಂಗಕ್ಕೆ ಎರೆದಳು ಅಂತ ಬರಿ. ಗಿಂಡಿಗೆ ಹುಯ್ಯಾಕೆ ಮುಂಚೆ ನಿನ್ ಅಂಗೈಗೆ ಹುಯ್ದೀನಿ, ಅದನ್ನೂ ಬರಿ. ಆ ನೀರು ಎಲ್ಲಿ ಹೋತು ಅಂತ ನನಗೂ ಗೊತ್ತಾಗಿಲ್ಲ."

ಕೊನೆಯ ಮಾತನ್ನು ಅಜ್ಜಿ ಕಟುವಾಗಿ ಹೇಳಲಿಲ್ಲ. ಅದಕ್ಕೇ ಅದು ಒಳಗೆ ಹೋಯಿತು. ಸಿದ್ದಮ್ಮ ಬಟ್ಟಲು ಎತ್ತಿಕೊಂಡು ಎದ್ದಳು. ಅಳು ಬರುತ್ತದೇನೋ ಎಂದು ಕಾದಳು, ಬರಲಿಲ್ಲ, ಬಂದಿದ್ದರೆ ಅಷ್ಟು ಹೊತ್ತು ವ್ಯರ್ಥವಾಗುತ್ತಿತ್ತು. ಕಾಳಕ್ಕ ಸೇದಿಟ್ಟ ಬಾವಿ ನೀರು, ಮಾವನ ಪೆಟ್ಟಿಗೆಯಿಂದ ಅಳತೆಯ ಕೊಳವೆ. ಗಿಂಡಿಯನ್ನು ಮಾತ್ರ ಅಜ್ಜಿಯೇ ತಂದುಕೊಟ್ಟಳು, ಮಡಿಯಲ್ಲಿ ಬೂದಿ ಹಾಕಿ ಬೆಳಗಿ, ಆಮೇಲೆ ನಾನೇ ತೊಳ್ಕಂತೀನಿ ಎಂದು. ಹಿತ್ತಿಲ ಕಲ್ಲಿನ ಮೇಲೆ ಗಿಂಡಿ ಇಟ್ಟು ಹೊಟ್ಟೆ ಮಟ ಹುಯ್ದಳು. ಅಜ್ಜಿ ಬಗ್ಗಿ ನೋಡಿ, "ಇನ್ನೊಂದು ತೊಟ್ಟು," ಎಂದಳು. ಹುಯ್ದಳು. ಕೊಳವೆಗೆ ಬಗ್ಗಿಸಿ ಕಣ್ಣಿನ ಮಟ್ಟಕ್ಕೆ ಹಿಡಿದಳು: ಮೂವತ್ತೆಂಟು. ಕಂಠ ಮಟ: ಎಪ್ಪತ್ತೊಂದು. ಪೂರ್ತಿ ತುಂಬಿದರೆ ಎಂಬತ್ತೆರಡು. ತಳ ಮುಚ್ಚುವಷ್ಟು ಎನ್ನುವುದಕ್ಕೆ ಅಜ್ಜಿ ಮೂರು ಸಲ ಚೆಲ್ಲಿಸಿದಳು, ಇಷ್ಟಲ್ಲ, ಇಷ್ಟೂ ಅಲ್ಲ, ನನಗೆ ತಳದ ಕಮಲದ ಗೆರೆ ಮುಳುಗಿ ನಡುವಿನ ಚುಕ್ಕಿ ಕಾಣ್ತಿತ್ತು ಎಂದು. ಹನ್ನೆರಡು. ಮೂರು ಬೆರಳಿಗೆ ಅಜ್ಜಿ ತನ್ನದೇ ಬೆರಳು ಇಳಿಸಿದಳು: ಇಪ್ಪತ್ತಾರು.

"ಆಟ ಆಡ್ತಿದೀರಾ ಅಜ್ಜಿ ಸೊಸೆ," ಎಂದಳು ಹುಲ್ಲಿನ ಹೊರೆ ಹೊತ್ತು ಬಂದ ಕಾಳಕ್ಕ. "ನೀರು ಅಳೆಯೋದು ಸರಿ, ಅಳದು ಯಾರಿಗೆ ಮಾರ್ತೀರಿ?"

"ದುರ್ಗಕ್ಕೆ," ಎಂದಳು ಅಜ್ಜಿ. "ಅಲ್ಲಿ ನೀರು ನೋಡದೋರು ಸೇರವ್ರಂತೆ."

ಕೊನೆಗೆ ಉಳಿದದ್ದು ಅಂಗೈ. ಸಿದ್ದಮ್ಮ ಬಲಗೈ ಒಡ್ಡಿದಳು. ಅಜ್ಜಿ ಸರ್ಕಾರದ ಸೀಸೆಗೇ ಬಾವಿ ನೀರು ತುಂಬಿ, ಅದರಿಂದ ನಸುಕಿನಲ್ಲಿ ಹುಯ್ಯುವ ಹಾಗೆಯೇ, ಗುಳಿ ತುಂಬ ಹುಯ್ದಳು. ಬೆರಳು ಬಿಗಿದು, ಒಂದು ಹನಿಯೂ ಸೋರದ ಹಾಗೆ ಅದನ್ನು ಕೊಳವೆಯ ಬಾಯಿಗೆ ಇಳಿಸುವುದು ಕಷ್ಟವಾಯಿತು. ಎರಡು ಸಲ ಚೆಲ್ಲಿತು, ಮೂರನೆಯ ಸಲ ಇಳಿಯಿತು. ಕೊಳವೆಯ ತಳದಲ್ಲಿ ಇಷ್ಟೇ ಇಷ್ಟು. ಅವಳು ನೆಲದ ಮೇಲೆ ಮೊಣಕಾಲೂರಿ, ನಡುವಿನ ತಗ್ಗು ಯಾವ ಗೆರೆ ಮುಟ್ಟಿದೆ ಎಂದು ನೋಡಿದಳು. ನಾಲ್ಕು ಸೆಂಟು. ಐದು ವರ್ಷ ಅವಳು ತನ್ನೊಳಗೆ ಸಮುದ್ರದಷ್ಟು ನೀರು ಹೋಗಿ ಕೂತಿದೆ ಎಂದುಕೊಂಡಿದ್ದಳು, ಒಂದು ದಿನ ಅದು ಕದಡುತ್ತದೆ, ತುಳುಕುತ್ತದೆ ಎಂದು ಕಾದಿದ್ದಳು. ನಾಲ್ಕು ಸೆಂಟು. ಅದೂ ಮೊದಲ ವರ್ಷ ಇಲ್ಲ. ಎದ್ದು ಹೋಗಿ ಬರೆಯಲು ಕೂತಳು. ಸಂಜೆ ಅತಿಥಿಗಳು ಬಂದರು, ಹಾಲು ಕೊಟ್ಟಳು, ಮತ್ತೆ ಕೂತಳು. ಕಂಡಿಯ ಬೆಳಕು ಹೋಗುವ ಹೊತ್ತಿಗೆ ಐದು ವರ್ಷ ಮುಗಿದಿತ್ತು.

ಉಳಿದ ಒಂದನ್ನು ಬೆಳಗಿನ ಮೊದಲ ಬಿಸಿಲಿಗೆ ಮುಗಿಸಿ, ಆರೂ ಹಾಳೆ ಜೋಡಿಸಿಕೊಂಡು ಮಾವನ ಕೋಣೆಗೆ ಹೋದಳು. ಅಂಗಳದಲ್ಲಿ ಎತ್ತುಗಳ ಗಂಟೆ ಕೇಳುತ್ತಿತ್ತು. ಮಾವ ಜರಿಪೇಟ ಸುತ್ತಿಕೊಂಡು, ಸಭೆಗೆ ಹೋಗುವ ಉಡುಪಿನಲ್ಲಿ ಕೂತಿದ್ದರು. ರಾಯರು ಅವರನ್ನೂ ದುರ್ಗಕ್ಕೆ ಕರೆದಿದ್ದರು. "ಆತಾ? ಕೊಡು, ಸಹಿ ಹಾಕ್ತೀನಿ. ಬೆರಳು ಎಲ್ಲಿಡಬೇಕು ತೋರ್ಸು."

"ಓದ್ತೀನಿ ಮಾವ. ಕೇಳಿ ಆಮ್ಯಾಲೆ ಹಾಕ್ರಿ."

ಓದಿದಳು. ಸೊನ್ನೆಗಳನ್ನು ಬಿಟ್ಟು, ಹೆಚ್ಚಿನ ಕಾಲಮ್ಮನ್ನು ಮಾತ್ರ. ವಿಶ್ವಾವಸು, ಮೂವತ್ತೆಂಟು, ವೀರಮ್ಮನವರು ಲಿಂಗಕ್ಕೆ ಎರೆದದ್ದು, ಅಂದಾಜು. ಪರಾಭವ, ಎಪ್ಪತ್ತೊಂದು, ಅದೇ ಪ್ರಕಾರ. ನಾಲ್ಕು, ಸೊಸೆ ಕುಡಿದದ್ದು. ದನಿ ನಡುಗುತ್ತದೆಂದು ಹೆದರಿದ್ದಳು. ಅದು ಬೇರೆ ಯಾರದೋ ದನಿಯಂತೆ, ಬಾಗೂರಿನ ಶಾಲೆಯಲ್ಲಿ ಹಾಜರಿ ಕೂಗುವ ದನಿಯಂತೆ ಸರಾಗವಾಗಿ ಹೋಯಿತು. ಆರನೆಯದು ಮುಗಿದಾಗ ಮಾವನ ಮುಖ ಗೋಡೆಯ ಹೊಸ ಸುಣ್ಣದ ಕಡೆಗಿತ್ತು. ಪೊರೆ ಬಂದ ಕಣ್ಣಿಗೆ ಬಿಳಿಯ ಮೇಲೆ ಬಿಳಿ ಏನು ಕಾಣುತ್ತದೋ.

"ಅವ್ವಂಗೆ ಗೊತ್ತೈತಾ?"

"ಅಜ್ಜಿನೇ ಅಳೆಸಿದ್ರು."

"ಆರು ವರ್ಷ," ಎಂದರು. "ಮಳೇಲಿ ನೆಂದು ನಿಂತ್ಕಂಡು ಇಲ್ಲ ಅಂತ ಬರೆಸಿದೆ. ನನ್ ಕಿವಿ ನಾನೇ ನಂಬಲಿಲ್ಲ." ಪೇಟವನ್ನು ಎರಡೂ ಕೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಹಣೆಯ ಮೇಲೆ ಅದರ ಗುರುತು ಕೆಂಪಾಗಿತ್ತು. "ಕೊಟ್ಟ ಮಾತು ನಕಲಿಂದು. ನಕಲು ಹೋಗ್ಲಿ. ನನ್ ಹೆಸರು ಬ್ಯಾಡ ಅದಕ್ಕೆ. ಅಳೆದೋರ ಹೆಸರು ಹಾಕು." ಪೇಟವನ್ನು ಪಕ್ಕಕ್ಕೆ ಸರಿಸಿ, "ನಾನು ದುರ್ಗಕ್ಕೆ ಬರಲ್ಲ ಅಂತ ಹೇಳು," ಎಂದರು. ಅದು ಕೋಪವೋ, ಬಿಟ್ಟುಕೊಟ್ಟದ್ದೋ ಅವಳಿಗೆ ತಿಳಿಯಲಿಲ್ಲ. ಹತ್ತಿ ಗಾಡಿಗಳು ದಾವಣಗೆರೆಯಿಂದ ಬಂದ ಮೇಲೆ ತಿಳಿಯುತ್ತದೆ. ಈಗ ಅವಳು ಕೊನೆಯ ಹಾಳೆಯ ಬುಡದಲ್ಲಿ, ಅಳೆದವರು, ಎಂಬುದರ ಮುಂದೆ ತನ್ನ ಹೆಸರು ಬರೆದಳು. ಮರುಳಸಿದ್ದಮ್ಮ ಎಂದು ಪೂರ್ತಿಯಾಗಿ ಬರೆದು ವರ್ಷಗಳಾಗಿದ್ದವು. ಜಾಗ ಸಾಲದೆ ಕೊನೆಯ ಅಕ್ಷರ ಗೆರೆಯ ಆಚೆ ಹೋಯಿತು.

ರಾಯರು ಗಾಡಿಯ ಪಕ್ಕ ನಿಂತು ಓದಿದರು. ದೊರೆ ಆಗಲೇ ಗಾಡಿಯಲ್ಲಿ ಕೂತು ಗಡಿಯಾರ ನೋಡಿಕೊಳ್ಳುತ್ತಿದ್ದ. ಅವಳು ಬಾಗಿಲ ಹಿಂದೆ ಹೋಗಲಿಲ್ಲ, ಅಂಗಳದ ನಡುವೆ ಸೆರಗು ಹೊದ್ದು ನಿಂತಿದ್ದಳು. ರಾಯರು ಮೊದಲ ಹಾಳೆಯನ್ನು ಓದಿ, ಎರಡನೆಯದನ್ನು ಓದಿ, ಮತ್ತೆ ಮೊದಲನೆಯದಕ್ಕೆ ಬಂದರು. ಬಗಲ ಚೀಲದಿಂದ ಹಿರಿಯೂರಿನ ಕಾಗದ ತೆಗೆದು ಪಕ್ಕದಲ್ಲಿ ಹಿಡಿದು ಬೆರಳಿಟ್ಟುಕೊಂಡು ಬಂದರು. ಅಲ್ಲಿ ನಲವತ್ತು, ಇಲ್ಲಿ ಮೂವತ್ತೆಂಟು. ಅಲ್ಲಿ ಎಂಬತ್ತು, ಇಲ್ಲಿ ಎಪ್ಪತ್ತೈದು. ಒಂದು ಕಡೆ ಬೆರಳು ಬಹಳ ಹೊತ್ತು ನಿಂತಿತು, ಅಲ್ಲಿ ಎರಡೂ ಹತ್ತಿರವೂ ಇರಲಿಲ್ಲ. ಮೊನ್ನೆ ಜಗಲಿಯ ಮೇಲೆ ಅವರ ಮುಖದಲ್ಲಿದ್ದ ಬೆಳಕು ಇಳಿಯುತ್ತ ಹೋದದ್ದನ್ನು ಅವಳು ನೋಡಿದಳು, ನೋಡುವುದು ತನ್ನ ಕ್ಷಮೆ ಕೇಳುವ ರೀತಿ ಎಂಬಂತೆ ಕಣ್ಣು ತೆಗೆಯದೆ ನೋಡಿದಳು. ಒಬ್ಬ ಮನುಷ್ಯ ಬಹಳ ದೂರದಿಂದ ಕಟ್ಟಿಕೊಂಡು ಬಂದಿದ್ದ ಕಥೆ.

"ಅಕ್ಷರ ಅದೇ," ಎಂದರು ರಾಯರು. "ಹಾಗಾದರೆ ಇಷ್ಟು ವರ್ಷವೂ…" ಬೆರಳು ಎರಡನೆಯ ಹಾಳೆಗೆ ಹೋಯಿತು. "ಈ ನಾಲ್ಕು ಸೆಂಟು?"

"ಅದು ನಾನು ಕುಡಿದದ್ದು ಸ್ವಾಮಿ."

"ಯಾಕಮ್ಮ?"

ಅವಳು ಸೆರಗನ್ನು ಇನ್ನಷ್ಟು ಎಳೆದುಕೊಂಡಳು. ರಾಯರು ತಲೆ ಎತ್ತಿ ನೋಡಿ, ಹಾಗೆಯೇ ತಗ್ಗಿಸಿದರು. ಕೇಳಬಾರದಿತ್ತು ಎನ್ನುವುದು ಅವರ ಕಿವಿಯಲ್ಲಿ ಕೆಂಪಾಗಿ ಕಂಡಿತು. ಆಮೇಲೆ, ಏನೂ ಆಗದವರ ಹಾಗೆ, ಹಾಳೆಗಳ ತುದಿ ತಟ್ಟಿ ಸರಿಮಾಡಿ ಅವಳ ಕಡೆಗೇ ಚಾಚಿದರು. "ಇದು ಮುಗಿದಿಲ್ಲ. ಹೆಚ್ಚಿನ ಕಾಲಮ್ಮು ಹಾಕಿದ್ದೀರಿ, ವರ್ಷದ ಒಟ್ಟು ಮೊತ್ತ ಹಳೆಯದೇ ಇದೆ. ಅಂದಾಜನ್ನು ಅಂದಾಜು ಅಂತಲೇ ಕೂಡಿಸಿ, ಎರಡನ್ನೂ ಬೇರೆ ಬೇರೆ ಬರೆದುಕೊಡಿ. ಇಲ್ಲದಿದ್ದರೆ ಇದನ್ನು ಯಾರ ಮುಂದೆಯೂ ಇಡಲಿಕ್ಕೆ ಬರುವುದಿಲ್ಲ."

"ಎಷ್ಟು ಹೊತ್ತಾತೈತೆ?" ಎಂದ ಗಾಡಿಯವ ಯತ್ತಪ್ಪ. "ಬಿಸಿಲು ಏರಿದ್ರೆ ಎತ್ತು ಕುಂತ್ಕಂತವೆ."

"ಕುಂತ್ಕಳ್ಳಿ," ಎಂದಳು ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ಅಜ್ಜಿ. "ನೀನೂ ಕುಂತ್ಕ."

ಸಿದ್ದಮ್ಮ ಮಸಿಕುಡಿಕೆ ತಂದಳು. ಒಳಗೆ ಹೋಗಿ ಬರೆಯುವಷ್ಟು ಹೊತ್ತಿರಲಿಲ್ಲ. ಜಗಲಿಯ ಮೇಲೆ, ಗಂಡಸರು ಕೂರುವ ಜಾಗದಲ್ಲಿ, ಯಲ್ಲದಕೆರೆಯ ಕುರ್ಚಿಯ ಮೇಲೆ ಹಾಳೆ ಹರಡಿ ಅದರ ಮುಂದೆ ಮೊಣಕಾಲೂರಿದಳು. ದೊರೆ ಗಾಡಿಯಿಂದ ಇಳಿದು ಏನಾಯಿತೆಂದು ಕೇಳಿದ. ರಾಯರು ಇಂಗ್ಲಿಷಿನಲ್ಲಿ ಏನೋ ಹೇಳಿದರು, ದೊರೆ ಮತ್ತೆ ಗಡಿಯಾರ ನೋಡಲಿಲ್ಲ. ಕೋಣೆಯ ಕಂಡಿಯಲ್ಲಿ ಮಾವನ ಬರಿತಲೆ ಕಾಣುತ್ತಿತ್ತು. ಅವಳು ಒಂದೊಂದೇ ವರ್ಷವನ್ನು ಕೂಡಿಸಿದಳು, ಮೇಲಿನಿಂದ ಕೆಳಕ್ಕೆ ಒಂದು ಸಲ, ತಾಳೆ ನೋಡಲು ಕೆಳಗಿನಿಂದ ಮೇಲಕ್ಕೆ ಒಂದು ಸಲ. ಮೂರನೆಯ ವರ್ಷದಲ್ಲಿ ತಪ್ಪಿ ಮತ್ತೆ ಕೂಡಿಸಿದಳು. ಯಾರೂ ಅವಸರ ಮಾಡಲಿಲ್ಲ. ಸಾಧಾರಣ ಸಂವತ್ಸರ, ಇಪ್ಪತ್ತಾರು ಮತ್ತು ನಾಲ್ಕು, ಮೂವತ್ತು. ಅಳೆದದ್ದರ ಕೆಳಗೆ ಬೇರೆಯಾಗಿ ಅದನ್ನು ಬರೆದು, ಎರಡೂ ಸೇರಿದ ಮೊತ್ತ ಬರೆದು, ಅಡಿಯಲ್ಲಿ ಜೋಡಿ ಗೆರೆ ಎಳೆದಳು. ಮಸಿ ಆರುವವರೆಗೆ ಊದಿದಳು. ಆಮೇಲೆ ಎದ್ದು, ಆರು ಹಾಳೆಗಳನ್ನೂ ಎರಡು ಕೈಯಲ್ಲಿ ಹಿಡಿದು ರಾಯರಿಗೆ ಕೊಟ್ಟಳು.